ಕೆಂಪು ಮುಳ್ಳನ್ನು ಮುಟ್ಟದೆ ಅಪಾಯ ಅಳೆಯುವ ಕುರಿತು

ಪ್ರಾಂಶುಪಾಲರ ಕಚೇರಿ, ಇಂಜಿನಿಯರಿಂಗ್ ಕಾಲೇಜು
ಸಂಖ್ಯೆ: ಪ್ರಾಂ.ಕ/ಸಂ.ಪ್ರಾ/ಅಪಾಯ/ಮುಳ್ಳು/7
ದಿನಾಂಕ: ಸಹಿಯಾದ ದಿನ

ಸುತ್ತೋಲೆ

ವಿಷಯ: ಕಾಲೇಜಿನ ಸಂಶೋಧನಾ ಪ್ರಾಮಾಣಿಕತೆಗೆ ಇರಬಹುದಾದ ಅಪಾಯಗಳನ್ನು ಅಂದಾಜು ಮಾಡಿ, ಅವು ಇಲ್ಲವೆಂದು ದೃಢೀಕರಿಸುವ ಬಗ್ಗೆ.

ಉಲ್ಲೇಖ:
(ಅ) ಅಪಾಯ ಅಂದಾಜು ಸಮಿತಿಯು ಎಲ್ಲ ವಿಭಾಗಗಳಿಗೆ ಹಾಗೂ ಸಂಶೋಧನಾ ವಿದ್ಯಾರ್ಥಿಗಳಿಗೆ ಕಳುಹಿಸಿದ ನಮೂನೆ.
(ಆ) ಸದರಿ ನಮೂನೆಗೆ ಎಲ್ಲರಿಂದಲೂ ಬಂದ ‘ಇಲ್ಲ’ ಎಂಬ ಉತ್ತರ.
(ಇ) ಸಿವಿಲ್ ವಿಭಾಗದ ಸಂಶೋಧನಾ ವಿದ್ಯಾರ್ಥಿನಿಯೊಬ್ಬರಿಂದ ಬಂದ ‘ಇದೆ’ ಎಂಬ ಉತ್ತರ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸುಳ್ಳು ಅಳತೆ, ಎರವಲು ಬರಹ, ತಿದ್ದಿದ ಅಂಕಿ ಮುಂತಾದ ಅಪಾಯಗಳು ನಮ್ಮಲ್ಲಿ ಇವೆಯೇ ಎಂದು ತಿಳಿಯಲು ಸಮಿತಿಯೊಂದನ್ನು ರಚಿಸಲಾಗಿತ್ತು. ಕೂಲಂಕಷ ಚರ್ಚೆಯ ನಂತರ, ತಪ್ಪು ನಡೆಯುತ್ತಿದೆಯೇ ಎಂದು ತಿಳಿಯುವ ಅತ್ಯಂತ ಮಿತವ್ಯಯದ ವಿಧಾನವೆಂದರೆ ತಪ್ಪು ಮಾಡಬಲ್ಲವರನ್ನೇ ಕೇಳುವುದು ಎಂದು ಸಮಿತಿಯು ತೀರ್ಮಾನಿಸಿತು. ಅದರಂತೆ ‘ನಿಮ್ಮಲ್ಲಿ ಅಪಾಯ ಇದೆಯೇ?’ ಎಂಬ ಒಂದೇ ಪ್ರಶ್ನೆಯ ನಮೂನೆಯನ್ನು ಹಂಚಲಾಯಿತು. ಎಲ್ಲ ವಿಭಾಗಗಳೂ ‘ಇಲ್ಲ’ ಎಂದು ಗುರುತು ಹಾಕಿ ಹಿಂದಿರುಗಿಸಿದವು. ಮೆಕ್ಯಾನಿಕಲ್ ವಿಭಾಗವು ನಮೂನೆ ತಲುಪುವ ಮೊದಲೇ ಉತ್ತರ ಕಳುಹಿಸಿದ್ದು ಶ್ಲಾಘನೀಯ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ನಮ್ಮಲ್ಲಿ ಯಾರೂ ಇಲ್ಲವೆಂಬುದು ಇದರಿಂದ ಸಾಬೀತಾಗಿದೆ.

ಒಂದು ನಮೂನೆಯಲ್ಲಿ ಮಾತ್ರ ‘ಇದೆ’ ಎಂದು ಗುರುತು ಹಾಕಿರುವುದು ಸಮಿತಿಯ ಗಮನಕ್ಕೆ ಬಂದಿದೆ. ಕಾಲೇಜಿನ ಅಷ್ಟೂ ಅಪಾಯವು ಒಬ್ಬರ ಬಳಿಯೇ ಶೇಖರವಾಗಿದೆ ಎಂದು ಸಮಿತಿಯು ಇದರಿಂದ ಲೆಕ್ಕ ಹಾಕಿದೆ.

ಹಿನ್ನೆಲೆ ತಿಳಿಯದವರ ಅನುಕೂಲಕ್ಕಾಗಿ ಈ ಕೆಳಗಿನ ಸಂಗತಿಗಳನ್ನು ದಾಖಲಿಸಲಾಗಿದೆ. ಸಿವಿಲ್ ವಿಭಾಗದ ಪ್ರಯೋಗಾಲಯದಲ್ಲಿ ಕಟ್ಟಡಕ್ಕೆ ಹಾಕುವ ಕಾಂಕ್ರೀಟಿನ ಮಾದರಿ ಕ್ಯೂಬುಗಳನ್ನು ಒತ್ತಿ ಒಡೆದು ಅವುಗಳ ಬಲ ಅಳೆಯುವ ಯಂತ್ರವಿದೆ. ಅದರ ಡಯಲಿನಲ್ಲಿ ಎರಡು ಮುಳ್ಳುಗಳಿವೆ. ಕಪ್ಪು ಮುಳ್ಳು ಒತ್ತಡದೊಂದಿಗೆ ಏರುತ್ತದೆ, ಕ್ಯೂಬು ಒಡೆದ ಕ್ಷಣವೇ ಸೊನ್ನೆಗೆ ಬೀಳುತ್ತದೆ. ಕೆಂಪು ಮುಳ್ಳನ್ನು ಕಪ್ಪು ಮುಳ್ಳು ತಳ್ಳಿಕೊಂಡು ಹೋಗಿ ತಾನು ಮುಟ್ಟಿದ ಎತ್ತರದಲ್ಲಿ ಬಿಟ್ಟು ಬರುತ್ತದೆ. ಓದಿಕೊಂಡ ಮೇಲೆ, ಮುಂದಿನ ಕ್ಯೂಬು ಇಡುವ ಮೊದಲು, ಕೆಂಪು ಮುಳ್ಳನ್ನು ಡಯಲಿನ ನಡುವಿನ ಗುಬುಟು ತಿರುಗಿಸಿ ಸೊನ್ನೆಗೆ ತರಬೇಕೆಂದು ಯಂತ್ರದ ಕೈಪಿಡಿ ಹೇಳುತ್ತದೆ.

ಆದರೆ ಯಂತ್ರದ ಉದ್ಘಾಟನೆಯ ದಿನ ಸಂಸ್ಥಾಪಕ ಪ್ರಾಂಶುಪಾಲರು ತಮ್ಮ ಅಮೃತಹಸ್ತದಿಂದ ಒಡೆದ ಕ್ಯೂಬು ತೊಂಬತ್ತು ಟನ್ ತೋರಿಸಿತ್ತು. ಆ ಅಂಕಿ ಅಳಿಸಿಹೋಗಬಾರದೆಂದು ಗುಬುಟಿಗೆ ಅರಗಿನ ಮುದ್ರೆ ಒತ್ತಿ ಗೌರವ ಸಲ್ಲಿಸಲಾಗಿದೆ. ಅಂದಿನಿಂದ ಕೆಂಪು ಮುಳ್ಳು ತೊಂಬತ್ತರಲ್ಲೇ ಇದೆ. ಅಂದಿನಿಂದ ಈ ಪ್ರಯೋಗಾಲಯದ ಎಲ್ಲ ಕ್ಯೂಬುಗಳ ಬಲವೂ ತೊಂಬತ್ತೇ ಇದೆ. ಸಿಮೆಂಟಿನ ಬದಲು ಮರದ ಹೊಟ್ಟು, ಗಾಜಿನ ಪುಡಿ, ಟೈರಿನ ಚೂರು, ಕೊನೆಗೆ ನೆನೆಸಿ ರುಬ್ಬಿದ ಹಳೆಯ ಉತ್ತರಪತ್ರಿಕೆಗಳನ್ನು ಬೆರೆಸಿದರೂ ಬಲ ಕುಗ್ಗುವುದಿಲ್ಲ ಎಂದು ನಮ್ಮ ಅಧ್ಯಾಪಕರು ಮಂಡಿಸಿದ ಪ್ರಬಂಧಗಳು ವಿದ್ವತ್ ವಲಯದಲ್ಲಿ ಅಚ್ಚರಿ ಮೂಡಿಸಿವೆ.

ಸದರಿ ವಿದ್ಯಾರ್ಥಿನಿಯು ಕೆಂಪು ಮುಳ್ಳನ್ನು ಬಿಟ್ಟು ಕಪ್ಪು ಮುಳ್ಳನ್ನು ಓದಿರುತ್ತಾರೆ. ಇದರಿಂದ ವಿಭಾಗದಲ್ಲಿ ಅವರಿಗೆ ‘ಕಪ್ಪು ಮುಳ್ಳು’ ಎಂದೇ ಹೆಸರು ಬಿದ್ದಿದೆ. ಮರದ ಹೊಟ್ಟು ಹೆಚ್ಚಿದಂತೆ ಬಲ ಇಳಿಯುತ್ತದೆ ಎಂಬ ವಿಚಿತ್ರ ಫಲಿತಾಂಶವನ್ನು ಅವರ ಮಹಾಪ್ರಬಂಧ ಹೇಳುತ್ತಿದೆ. ಮಹಾಪ್ರಬಂಧ ಸಲ್ಲಿಸುವ ಅವಧಿ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಅಷ್ಟರಲ್ಲಿ ಸ್ವೀಕೃತವಾಗದಿದ್ದರೆ ಅವರ ನೋಂದಣಿ ರದ್ದಾಗುತ್ತದೆ. ಆದ್ದರಿಂದ ಈ ಮೂಲಕ ಸೂಚಿಸುವುದೇನೆಂದರೆ:

1. ಅಪಾಯ ‘ಇದೆ’ ಎಂದವರ ಮಹಾಪ್ರಬಂಧವನ್ನು, ‘ಇಲ್ಲ’ ಎಂದು ತಿದ್ದಿದ ನಮೂನೆ ಬರುವವರೆಗೆ ಸ್ವೀಕರಿಸತಕ್ಕದ್ದಲ್ಲ. ಪ್ರಾಮಾಣಿಕತೆಯ ನಮೂನೆಯನ್ನು ತಿದ್ದುವುದು ಅಪ್ರಾಮಾಣಿಕತೆಯೆಂದು ಪರಿಗಣಿಸತಕ್ಕದ್ದಲ್ಲ.

2. ಕಪ್ಪು ಮುಳ್ಳನ್ನು ಓದಬೇಕಾದರೆ ಕ್ಯೂಬು ಒಡೆಯುವವರೆಗೂ ಕಣ್ಣು ಕೀಲಿಸಿ ನಿಲ್ಲಬೇಕಾಗುತ್ತದೆ. ಹೀಗೆ ನಿಲ್ಲುವುದು ಯಂತ್ರದ ಮೇಲಿನ ಅಪನಂಬಿಕೆಯ ಲಕ್ಷಣ. ಕ್ಯೂಬು ಇಟ್ಟು, ಸ್ವಿಚ್ ಒತ್ತಿ, ಚಹಾ ಕುಡಿದು ಬಂದು ಕೆಂಪು ಮುಳ್ಳನ್ನು ಓದುವ ರೂಢಿಯನ್ನೇ ಅನುಸರಿಸತಕ್ಕದ್ದು.

3. ಯಂತ್ರಕ್ಕೆ ಮುಜುಗರವಾಗದಂತೆ ಡಯಲಿನ ಎಡಭಾಗಕ್ಕೆ, ಅಂದರೆ ಕಪ್ಪು ಮುಳ್ಳು ಸಾಮಾನ್ಯವಾಗಿ ಏರಿ ಬೀಳುವ ಕಡೆಗೆ, ಸಣ್ಣ ಪರದೆ ಹಾಕತಕ್ಕದ್ದು. ಪರದೆಯ ಬಣ್ಣವನ್ನು ಖರೀದಿ ವಿಭಾಗವು ನಿರ್ಧರಿಸತಕ್ಕದ್ದು. ಕಪ್ಪು ಬೇಡ.

4. ಎಲ್ಲ ಕ್ಯೂಬುಗಳೂ ತೊಂಬತ್ತೇ ಬರುವುದರಿಂದ, ಸಮಯ ಉಳಿಸಲು ‘90’ ಎಂದು ಮೊದಲೇ ಅಚ್ಚು ಹಾಕಿಸಿದ ಹಾಳೆಗಳನ್ನು ಒದಗಿಸಲಾಗುವುದು. ಹಾಳೆಯಲ್ಲಿ ತೊಂಬತ್ತಕ್ಕಿಂತ ಕಡಿಮೆ ಬರೆಯಲು ಜಾಗ ಬಿಟ್ಟಿರುವುದಿಲ್ಲ.

5. ಇತರ ಸಂಶೋಧನಾ ವಿದ್ಯಾರ್ಥಿಗಳು ‘ಕಪ್ಪು ಮುಳ್ಳು’ ಅವರೊಂದಿಗೆ ಒಂದೇ ಬೆಂಚಿನಲ್ಲಿ ಕೂರುವಾಗ, ತಮ್ಮ ಅಂಕಿಗಳನ್ನು ಮೊದಲು ಬೀರುವಿನಲ್ಲಿ ಭದ್ರಪಡಿಸತಕ್ಕದ್ದು. ಇಳಿಯುವ ಗುಣವು ಒಬ್ಬರ ಅಂಕಿಯಿಂದ ಇನ್ನೊಬ್ಬರ ಅಂಕಿಗೆ ಹರಡುತ್ತದೆಯೇ ಎಂಬ ಬಗ್ಗೆ ಉಪಸಮಿತಿ ನೇಮಿಸಲಾಗಿದೆ.

6. ಸಂಶೋಧಕರ ಬಂಧುಗಳು ಕಚೇರಿಗೆ ದೂರವಾಣಿ ಕರೆ ಮಾಡುವುದನ್ನು ನಿಷೇಧಿಸಲಾಗಿದೆ. ಸದರಿ ವಿದ್ಯಾರ್ಥಿನಿಯ ಅತ್ತೆಯವರು ಕಳೆದ ವಾರ ಗುಮಾಸ್ತರಿಗೆ ಕರೆ ಮಾಡಿ, “ಅವಳು ಓದೋಕೆ ಕೂತಾಗ ನಮ್ಮನೆಗೆ ಪಾಯ ತೆಗೆದಿದ್ವಿ. ಮನೆ ಕಟ್ಟಿ, ಬಣ್ಣ ಬಳಿದು, ಆ ಬಣ್ಣಾನೂ ಉದುರ್ತಾ ಇದೆ. ನಮ್ಮ ಸೊಸೆ ಡಾಕ್ಟರ್ ಆಗ್ತಾಳೋ ಇಲ್ವೋ, ಒಂದೇ ಮಾತಲ್ಲಿ ಹೇಳಪ್ಪ” ಎಂದು ಕೇಳಿರುತ್ತಾರೆ. ಕಚೇರಿಯಲ್ಲಿ ಯಾವ ವಿಷಯವನ್ನೂ ಒಂದೇ ಮಾತಿನಲ್ಲಿ ಹೇಳುವ ವ್ಯವಸ್ಥೆ ಇಲ್ಲದ ಕಾರಣ ಉತ್ತರ ಬಾಕಿ ಇದೆ.

7. ವಿದ್ಯಾರ್ಥಿನಿಯ ಮನವೊಲಿಸುವ ಹೊಣೆಯನ್ನು ಅವರ ಮಾರ್ಗದರ್ಶಕರಿಗೆ ವಹಿಸಲಾಗಿದೆ. ಮರದ ಹೊಟ್ಟಿನ ಬಗೆಗಿನ ಮೂಲ ಪ್ರಬಂಧ ಇವರದೇ. ಹೊಸ ಕಟ್ಟಡದ ಎರಡನೇ ಮಹಡಿಯಲ್ಲಿ ಸಮಿತಿಯ ಎದುರು ಅವರು ಆಕೆಗೆ ಬುದ್ಧಿ ಹೇಳಿದ್ದನ್ನು ನಡಾವಳಿಯಿಂದ ಯಥಾವತ್ತಾಗಿ ಇಲ್ಲಿ ನೀಡಲಾಗಿದೆ. ಮಾರ್ಗದರ್ಶಕರು: “ನೋಡಮ್ಮಾ, ಟಿಕ್ಕನ್ನ ಈ ಚೌಕದಿಂದ ಆ ಚೌಕಕ್ಕೆ ಹಾಕಿದ್ರೆ ನಿಂದೇನು ಗಂಟು ಹೋಗತ್ತೆ?” ವಿದ್ಯಾರ್ಥಿನಿ: “ಟಿಕ್ ಹೋಗತ್ತೆ ಸಾರ್. ಅದರ ಜೊತೆ ಮುಳ್ಳು ಬರಲ್ಲ.” ಮಾರ್ಗದರ್ಶಕರು, ಅಷ್ಟು ವರ್ಷದ ಓದು ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ ಎಂದು ಎಚ್ಚರಿಸಿದರು. ವಿದ್ಯಾರ್ಥಿನಿಯು, ಹೋದರೆ ಹೋಗಲಿ, ಆದರೆ ಒಂದು ಪ್ರಶ್ನೆ ಕೇಳಲು ಅವಕಾಶ ಕೊಡಬೇಕೆಂದು ಕೋರಿದರು. ಅವಕಾಶ ಕೊಡಲಾಯಿತು. “ಸಾರ್, ಈಗ ನಾವೆಲ್ಲ ಕೂತಿರೋ ಈ ಕಟ್ಟಡದ ಕ್ಯೂಬುಗಳನ್ನ ಒಡೆದಿದ್ದು ಯಾವ ಮಷಿನ್‌ನಲ್ಲಿ?”

8. ಸದರಿ ಪ್ರಶ್ನೆಯು ಕಾರ್ಯಸೂಚಿಯಲ್ಲಿ ಇಲ್ಲದ ಕಾರಣ ಅದಕ್ಕೆ ಉತ್ತರಿಸಲಿಲ್ಲ. ಸದಸ್ಯರು ಮೆಟ್ಟಿಲುಗಳಲ್ಲಿ ಒಬ್ಬೊಬ್ಬರಾಗಿ, ಕೈಗಂಬಿಗೆ ಭಾರ ಬಿಡದೆ, ತುದಿಗಾಲಿನಲ್ಲಿ ಇಳಿದು ಸಭೆಯನ್ನು ಮುಕ್ತಾಯಗೊಳಿಸಿದರು.

9. ಯಂತ್ರದ ಮಾನ ಉಳಿಸುವ ಸಲುವಾಗಿ ಅದೇ ಮಧ್ಯಾಹ್ನ ಸಮಿತಿಯ ಸಮ್ಮುಖದಲ್ಲಿ ಪ್ರಯೋಗವೊಂದನ್ನು ನಡೆಸಲಾಯಿತು. ಗಡಿಬಿಡಿಯಲ್ಲಿ ಯಂತ್ರದೊಳಗೆ ಕ್ಯೂಬು ಇಡುವುದು ಬಿಟ್ಟುಹೋಗಿದೆ. ರೂಢಿಯಂತೆ ಸ್ವಿಚ್ ಒತ್ತಿ, ಚಹಾ ಕುಡಿದು ಬಂದು ಓದಲಾಗಿ, ಏನೂ ಇಲ್ಲದ ಜಾಗದ ಬಲವು ತೊಂಬತ್ತು ಟನ್ ಎಂದು ದಾಖಲಾಗಿದೆ. ನಮ್ಮ ಪ್ರಯೋಗಾಲಯದ ಗಾಳಿಗೆ ಇಷ್ಟು ಬಲವಿರುವುದಕ್ಕೆ ಹೆಮ್ಮೆ ವ್ಯಕ್ತಪಡಿಸಿದ ಒಬ್ಬ ಸದಸ್ಯರು, ಉಳಿದವರು ಒಬ್ಬೊಬ್ಬರಾಗಿ ಖಾಲಿ ಯಂತ್ರದೊಳಗೆ ಇಣುಕುತ್ತಿರುವುದನ್ನು ಕಂಡು ತಮ್ಮ ಹೇಳಿಕೆಯನ್ನು ಹಿಂಪಡೆದರು.

10. ಬಳಿಕ ವಿದ್ಯಾರ್ಥಿನಿಯನ್ನು ಕರೆಸಲಾಯಿತು. ಹೊಸ ಕಟ್ಟಡ ಕಟ್ಟುವಾಗ ಮಿಕ್ಕಿ, ಪ್ರಯೋಗಾಲಯದ ಬಾಗಿಲು ಬಡಿಯದಂತೆ ಆನಿಸಿಟ್ಟಿದ್ದ ಕ್ಯೂಬೊಂದನ್ನು ಅವರೇ ಹೊತ್ತು ತಂದು ಯಂತ್ರದೊಳಗೆ ಇಟ್ಟರು. ಸಮಿತಿಯು ಚಹಾಕ್ಕೆ ಹೋಗಲಿಲ್ಲ. ಕಪ್ಪು ಮುಳ್ಳು ಎಲ್ಲಿಯವರೆಗೆ ಏರಿತೆಂಬುದನ್ನು ಸಾರ್ವಜನಿಕ ಹಿತದೃಷ್ಟಿಯಿಂದ ಇಲ್ಲಿ ನಮೂದಿಸಿಲ್ಲ. ಹೆಚ್ಚು ಹೊತ್ತು ಕಾಯಬೇಕಾಗಲಿಲ್ಲ ಎಂದಷ್ಟೇ ತಿಳಿಸಲಾಗಿದೆ. ಮಾರ್ಗದರ್ಶಕರು ಕನ್ನಡಕ ಒರೆಸಿಕೊಂಡು, “ಇನ್ನೊಂದ್ಸಲ ಮಾಡಮ್ಮಾ, ನಾನು ಸರಿಯಾಗಿ ನೋಡ್ಲಿಲ್ಲ” ಎಂದರು. ಬಾಗಿಲಿಗೆ ಆನಿಸಿದ ಕ್ಯೂಬು ಇನ್ನೊಂದಿತ್ತು. ಅದನ್ನು ಅವರು ಸರಿಯಾಗಿ ನೋಡಿದರು.

11. ಈ ಸುತ್ತೋಲೆಯ 1ರಿಂದ 6ರವರೆಗಿನ ಕಂಡಿಕೆಗಳು ಮೇಲಿನ ಪ್ರಯೋಗಕ್ಕೆ ಮುಂಚೆಯೇ ಅಚ್ಚಿಗೆ ಹೋಗಿರುವುದರಿಂದ ಅವುಗಳನ್ನು ಹಿಂಪಡೆಯಲಾಗುವುದಿಲ್ಲ. ಅವು ಜಾರಿಯಲ್ಲಿರತಕ್ಕದ್ದು, ಆದರೆ ಯಾರೂ ಪಾಲಿಸತಕ್ಕದ್ದಲ್ಲ.

12. ಅರಗಿನ ಮುದ್ರೆಯನ್ನು ತಕ್ಕ ಗೌರವದೊಂದಿಗೆ ಒಡೆಯತಕ್ಕದ್ದು. ಸಂಸ್ಥಾಪಕರ ತೊಂಬತ್ತನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕತಕ್ಕದ್ದು. ಯಾವ ಗೋಡೆ ಅದನ್ನು ತಾಳುತ್ತದೆ ಎಂಬುದನ್ನು ವಿದ್ಯಾರ್ಥಿನಿಯು ಪರಿಶೀಲಿಸಿ ತಿಳಿಸತಕ್ಕದ್ದು.

13. ಶುದ್ಧ ಗಾಳಿಯ ಪ್ರಯೋಜನಗಳನ್ನು ಮನಗಂಡು, ಹೊಸ ಕಟ್ಟಡದ ಎಲ್ಲ ತರಗತಿ, ಕಚೇರಿ ಹಾಗೂ ಸಮಿತಿಗಳನ್ನು ಮುಂದಿನ ಆದೇಶದವರೆಗೆ ಮೈದಾನಕ್ಕೆ ಸ್ಥಳಾಂತರಿಸಲಾಗಿದೆ. ಇದಕ್ಕೂ 10ನೇ ಕಂಡಿಕೆಗೂ ಯಾವ ಸಂಬಂಧವೂ ಇಲ್ಲ. ಕಡತಗಳನ್ನು ತರಲು ಒಳಗೆ ಹೋಗುವವರು ಸೀನತಕ್ಕದ್ದಲ್ಲ.

14. ಸದರಿ ವಿದ್ಯಾರ್ಥಿನಿಯ ಮಹಾಪ್ರಬಂಧವನ್ನು ಸ್ವೀಕರಿಸಲಾಗಿದೆ. ಮೌಖಿಕ ಪರೀಕ್ಷೆಯು ಮೈದಾನದಲ್ಲಿ, ಹೊಸ ಕಟ್ಟಡದ ನೆರಳು ತಲುಪದಷ್ಟು ದೂರದಲ್ಲಿ ನಡೆಯತಕ್ಕದ್ದು. ಮಾರ್ಗದರ್ಶಕರು ಹೊಟ್ಟಿನ ಕುರಿತ ತಮ್ಮ ಪ್ರಬಂಧವನ್ನು ಹಿಂಪಡೆಯಲು ಪತ್ರಿಕೆಗೆ ಬರೆದಿರುತ್ತಾರೆ. ಕಾರಣದ ಜಾಗದಲ್ಲಿ ‘ಚಹಾ’ ಎಂದು ನಮೂದಿಸಿರುತ್ತಾರೆ.

15. ಅಪಾಯ ಅಂದಾಜಿನ ನಮೂನೆಯನ್ನು ಎಲ್ಲರಿಗೂ ಮತ್ತೊಮ್ಮೆ ಹಂಚಲಾಗುತ್ತಿದೆ. ಈ ಬಾರಿ ಮೊದಲು ತಮ್ಮ ತಮ್ಮ ಯಂತ್ರಗಳನ್ನು ಖಾಲಿಯಾಗಿ ಓಡಿಸಿ ನೋಡಿ, ಆಮೇಲೆ ಭರ್ತಿ ಮಾಡತಕ್ಕದ್ದು. ಮೆಕ್ಯಾನಿಕಲ್ ವಿಭಾಗವು ಮುಂಗಡವಾಗಿ ಕಳುಹಿಸಿದ ಉತ್ತರವನ್ನು ಹಿಂದಿರುಗಿಸಲಾಗಿದೆ.

(ಸಹಿ)
ಪ್ರಾಂಶುಪಾಲರು ಹಾಗೂ ಅಧ್ಯಕ್ಷರು, ಅಪಾಯ ಅಂದಾಜು ಸಮಿತಿ
ಬಿಡಾರ: ಮೈದಾನದ ಮೂಲೆ

ಪ್ರತಿಗಳು:
1. ಎಲ್ಲ ವಿಭಾಗ ಮುಖ್ಯಸ್ಥರಿಗೆ, ತಮ್ಮ ತಮ್ಮ ಕೆಂಪು ಮುಳ್ಳುಗಳನ್ನು ಹುಡುಕಿಕೊಳ್ಳುವ ಸಲುವಾಗಿ.
2. ಹೊಸ ಕಟ್ಟಡದ ಗುತ್ತಿಗೆದಾರರಿಗೆ, ಖುದ್ದಾಗಿ ಬಂದು ಎರಡನೇ ಮಹಡಿಯಲ್ಲಿ ಕುಳಿತು ಓದಿಕೊಳ್ಳಲು.
3. ಖರೀದಿ ವಿಭಾಗಕ್ಕೆ: ಪರದೆ ಬೇಡ. ಶಾಮಿಯಾನ ಬೇಕು.
4. ಇಳಿಯುವ ಅಂಕಿಗಳ ಉಪಸಮಿತಿಗೆ: ಹರಡುತ್ತದೆ ಎಂದು ತಿಳಿದುಬಂದಿದೆ. ವರದಿ ಬೇಕಾಗಿಲ್ಲ.
5. ‘ಕಪ್ಪು ಮುಳ್ಳು’ ಅವರಿಗೆ, ‘ಇದೆ’ ಎಂಬ ಗುರುತನ್ನು ಇದ್ದಲ್ಲಿಯೇ ಇರಿಸಿದ ನಮೂನೆಯೊಂದಿಗೆ.
6. ಸದರಿಯವರ ಅತ್ತೆಯವರಿಗೆ, ದೂರವಾಣಿಯ ಮೂಲಕ, ಅವರು ಕೋರಿದಂತೆ ಒಂದೇ ಮಾತಿನಲ್ಲಿ: ಆಗುತ್ತಾರೆ.