ಮೆಸೇಜಿಗೆ ಗ್ರೇಡ್ ಹಾಕುವ ನಮ್ಮತ್ತೆ

ನಮ್ಮತ್ತೆಗೆ ಹೆಸರಿಲ್ಲ! ಅಂದರೆ, ಇದೆ. ಆಧಾರ್ ಕಾರ್ಡಿನಲ್ಲಿ ಇದೆ, ರೇಷನ್ ಕಾರ್ಡಿನಲ್ಲೂ ಇದೆ. ಆದರೆ ಅದನ್ನು ನಾನಿಲ್ಲಿ ಬರೆದರೆ ನನ್ನ ಎರಡು ಕಿವಿಯೂ ಜಾಗದಲ್ಲಿ ಉಳಿಯುವುದಿಲ್ಲ. "ಹೆಸ್ರು, ಊರು, ಫೋಟೋ, ಈ ಮೂರನ್ನೂ ಗೊತ್ತಿಲ್ಲದೋರ ಕೈಗೆ ಕೊಡ್ಬಾರ್ದು ಕಣ್ಲಾ" ಎಂಬುದು ಅವಳ ಶಾಲೆಯ ಮೊದಲ ಪಾಠ. ಓದುತ್ತಿರುವ ನೀವು ಎಷ್ಟೇ ಸಭ್ಯಸ್ಥರಾಗಿರಬಹುದು. ಅತ್ತೆಯ ಲೆಕ್ಕದಲ್ಲಿ ನೀವೂ ಗೊತ್ತಿಲ್ಲದೋರೇ! ಊರಿನ ಹೆಸರನ್ನು ಮಾತ್ರ ಅವಳಿಗೆ ತಿಳಿಯದ ಹಾಗೆ ಹೇಳಿಬಿಡುತ್ತೇನೆ. ಕಟ್ಟೆಮಳಲವಾಡಿ.

ಅತ್ತೆ ಅಂದರೆ ನಮ್ಮಪ್ಪನ ಅಕ್ಕ. ಮದುವೆಯಾದ ಹೊಸದರಲ್ಲೇ ಗಂಡ ಹೋದ. ಮಕ್ಕಳಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಬದುಕಿದ್ದು ಹೊಗೆಸೊಪ್ಪಿನ ಗ್ರೇಡ್ ಮಾಡಿಕೊಂಡು. ನಮ್ಮ ಹುಣಸೂರು, ಪಿರಿಯಾಪಟ್ಟಣದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಬ್ಯಾರನ್ ಅನ್ನುವ ಸೊಪ್ಪು ಒಣಗಿಸುವ ಮನೆಯ ಬೆಂಕಿಯಲ್ಲಿ ಹದ ಮಾಡಿದ ಎಲೆಯನ್ನು ರಾಶಿ ಹಾಕಿ, ಹೆಂಗಸರು ಸುತ್ತ ಕೂತು, ಒಂದೊಂದೇ ಎಲೆ ಎತ್ತಿ, ಬಣ್ಣ ನೋಡಿ, ಮೇಲಿನ ಗ್ರೇಡು, ನಡುವಿನದು, ಕೆಳಗಿನದು ಅಂತ ಬೇರೆ ಮಾಡುತ್ತಾರೆ. ಹೀಗೆ ಎಲೆಗೆ ಗ್ರೇಡ್ ಹಾಕಿ ಹಾಕಿ ಅತ್ತೆಗೆ ಅದೊಂದು ಚಟವೇ ಆಗಿಬಿಟ್ಟಿದೆ. ಲೋಕದಲ್ಲಿರುವುದಕ್ಕೆಲ್ಲ ಗ್ರೇಡು! ಪಕ್ಕದ ಮನೆಯ ಸಾರಿಗೆ, ಹೊಸದಾಗಿ ಬಂದ ಸೊಸೆಯಂದಿರಿಗೆ, ಪಂಚಾಯ್ತಿ ಮೆಂಬರಿಗೆ, ಅವನು ಹಾಕಿಸಿದ ರಸ್ತೆಗೆ.

ನನಗೆ? "ನೀನು ನಡುವಿನ ಗ್ರೇಡು ಕಣ್ಲಾ. ಬಣ್ಣ ಐತೆ, ಹದ ಇಲ್ಲ."

ನನಗಾ ಹದ ಇಲ್ಲ! ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟು, ಸ್ಪ್ಯಾನರ್ ಹಿಡಿದು, ಇವತ್ತು ಬಿಳಿಕೆರೆಯಲ್ಲಿ ಸ್ವಂತ ಅಂಗಡಿ ಇಟ್ಟವನು ನಾನು. ಬೋರ್‌ವೆಲ್ ಮೋಟಾರು ರಿವೈಂಡಿಂಗ್. ಇಂಜಿನಿಯರು ಕೈಬಿಟ್ಟ ಮೋಟಾರೂ ನನ್ನ ಬೆಂಚಿನ ಮೇಲೆ ಎದ್ದು ಕೂತಿದೆ. ಸ್ವಿಚ್ ಹಾಕಿ ಸದ್ದು ಕೇಳಿದರೆ ಸಾಕು, ಒಳಗೆ ಯಾವ ಕಾಯಿಲ್ ಸುಟ್ಟಿದೆ ಅಂತ ಹೇಳುತ್ತೇನೆ. ಅಂಥವನು ನಡುವಿನ ಗ್ರೇಡಂತೆ!

ಇಂಥ ನಮ್ಮತ್ತೆ ಒಂದು ದಿನ ಜಗುಲಿ ಮೇಲೆ ಫೋನ್ ಶಾಲೆ ತೆಗೆದುಬಿಟ್ಟಳು. ಸುದ್ದಿ ಕೇಳಿ ನಾನು ನಕ್ಕಿದ್ದೇ ನಕ್ಕಿದ್ದು. ಫೋನು ತಲೆಕೆಳಗಾಗಿ ಹಿಡಿದು "ಇದ್ರಲ್ಲಿ ಮಾತೇ ಕೇಳ್ತಿಲ್ಲ" ಅನ್ನುತ್ತಿದ್ದ ಹೆಂಗಸು ಮೇಷ್ಟ್ರಾಗುವುದೆಂದರೇನು? ನೋಡೋಣ ಅಂತ ಹೋದೆ. ಸ್ಕೂಲು ಮುಗಿಸಿ ಬಂದ ಮಕ್ಕಳೆಲ್ಲ ಅಲ್ಲೇ. ನಡುವೆ ಗೋಣಿಚೀಲ, ಅದರ ಮೇಲೆ ಅವರವರ ಮನೆಯ ಫೋನುಗಳು ಎಲೆ ಹರಡಿದ ಹಾಗೆ. ಯಾವ ಗುಂಡಿ ಎಲ್ಲಿದೆ ಅಂತ ಮಕ್ಕಳು ಅತ್ತೆಗೆ ಹೇಳಿಕೊಡುತ್ತಿದ್ದವು. ಯಾವುದನ್ನು ಒತ್ತಬಾರದು ಅಂತ ಅತ್ತೆ ಮಕ್ಕಳಿಗೆ!

"ಓದವ್ವ, ಏನ್ ಬಂದೈತೆ?"

"ಅಜ್ಜಿ, ನಿಮಗೆ ಕಾರು ಬಹುಮಾನ ಬಂದಿದೆ, ಇಲ್ಲಿ ಒತ್ತಿ, ಅಂತೈತೆ."

"ಕಾರು ನಿಲ್ಸೋಕೆ ನಿಮ್ಮಟ್ಟಿ ಮುಂದೆ ಜಾಗ ಐತಾ?"

"ಇಲ್ಲಜ್ಜಿ, ತಿಪ್ಪೆ ಐತೆ."

"ಅಂಗಾರೆ ಕೆಳಗಿನ ಗ್ರೇಡು. ಎತ್ತಾಕು!"

ಮಕ್ಕಳೆಲ್ಲ "ಎತ್ತಾಕು!" ಅಂತ ಕೂಗುವುದು. ನಗುತ್ತಾ ನಗುತ್ತಾ ಅತ್ತೆ ಒಮ್ಮೆಗೇ ಗಂಭೀರಳಾಗಿಬಿಡುತ್ತಿದ್ದಳು. "ನೋಡ್ರಿ ಮಕ್ಳಾ, ಕೆಟ್ಟದ್ದು ಕೆಟ್ಟ ಮುಖ ಹಾಕ್ಕಂಡು ಬರಕಿಲ್ಲ. ಮೋಸ ಮಾಡೋನು ಚಿನ್ನದಂಥ ಎಲೇನ ಮೇಲಿಟ್ಟು, ಹಸಿ ಎಲೇನ ನಡುವೆ ಸೇರ್ಸಿ ಕಟ್ಟು ಕಟ್ತಾನೆ. ಎಲ್ಲಾದ್ಕಿಂತ ಚಂದ ಕಾಣೋ ಕಟ್ಟನ್ನೇ ಮೊದ್ಲು ಬಿಚ್ಚಿ ನೋಡ್ಬೇಕು. ಚಂದಾಗಿ ಮಾತಾಡೋರ್ನೂ ಅಷ್ಟೇಯ."

ಆಮೇಲೆ ಬಂತು ಪಾಸ್‌ವರ್ಡಿನ ಪಾಠ. ಪಾಸ್‌ವರ್ಡು ಅಂದರೆ ಬೀಗದ ಕೈ, ಯಾರಿಗೂ ಗೊತ್ತಾಗಬಾರದು ಅಂದಳು. ಸರಿ. ಮರೆತುಹೋದರೆ? "ಒಬ್ಬೊಬ್ಬರಾಗಿ ಬಂದು ನನ್ ಕಿವೀಲಿ ಹೇಳ್ರಿ, ನಾನು ನೆಪ್ಪಿಟ್ಕತೀನಿ." ಹೀಗೆ ಊರಿನ ಗುಟ್ಟೆಲ್ಲ ಅತ್ತೆಯ ಹೊಟ್ಟೆಗೆ ಸೇರಿತು. ಒಂದು ಸಂಜೆ ಡೇರಿಗೆ ಹಾಲು ಹಾಕುವ ಹೊತ್ತು, ಬೀದಿ ತುಂಬ ಜನ. ಆ ತುದಿಯಿಂದ ಒಂದು ಹುಡುಗಿ, "ಅಜ್ಜೀ, ನಂದು ಮರ್ತೋಯ್ತು!" ಅಂತ ಕೂಗಿತು. ನಮ್ಮತ್ತೆ ಜಗುಲಿಯಿಂದ ಎದ್ದೂ ಏಳದೆ, "ನಿಮ್ಮೆಮ್ಮೆ ಹೆಸ್ರು ಕಣವ್ವಾ! ಗೌರೀ! ಮುಂದ್ಕೆ ಒಂದು ಎರಡು ಮೂರು!"

ಡೇರಿ ಮುಂದೆ ಕ್ಯಾನ್ ಹಿಡಿದು ನಿಂತಿದ್ದವರೆಲ್ಲ ಮುಖ ಮುಖ ನೋಡಿಕೊಂಡರು. ಯಾಕೆ ಅಂತೀರಾ? ಊರಿನ ಮುಕ್ಕಾಲು ಮನೆಯ ಪಾಸ್‌ವರ್ಡು ಅವರವರ ಎಮ್ಮೆ ಹಸುವಿನ ಹೆಸರೇ, ಮುಂದಕ್ಕೆ ಒಂದು ಎರಡು ಮೂರೇ! ಯಾರ ಕೊಟ್ಟಿಗೆಯಲ್ಲಿ ಯಾವ ಎಮ್ಮೆ ಇದೆ ಅಂತ ನಮ್ಮ ಕಡೆ ಯಾರಿಗೆ ತಾನೆ ಗೊತ್ತಿಲ್ಲ? ಆ ರಾತ್ರಿ ಕಟ್ಟೆಮಳಲವಾಡಿ ಪೂರ್ತಿ ಬೀಗ ಬದಲಾಯಿಸಿತು. ಮಾರನೆಯ ದಿನ ಅತ್ತೆ ಪಾಠ ತಿದ್ದಿಕೊಂಡಳು. "ಪಾಸ್‌ವರ್ಡು ಅಜ್ಜಿಗೂ ಹೇಳ್ಬ್ಯಾಡ್ರಿ. ಭಯ ಆದ್ರೆ ಮಾತ್ರ ಹೇಳ್ಬುಡ್ರಿ. ಭಯಾನ ಯಾವತ್ತೂ ಒಬ್ರೇ ಇಟ್ಕಬಾರ್ದು."

ಇನ್ನು ಸ್ಕೂಲಿನ ಹೊಸ ಮೇಡಂ ಪಾಡು! ಕೆ.ಆರ್. ನಗರದ ಕಡೆಯಿಂದ ವರ್ಗವಾಗಿ ಬಂದವರು, ಪಾಪ. ಮೊದಲ ದಿನ ಕ್ಲಾಸಿಗೆ ಹೋಗಿ, "ಎಲ್ಲರೂ ನಿಮ್ಮ ನಿಮ್ಮ ಹೆಸರು ಹೇಳಿ ಮಕ್ಕಳೇ" ಅಂದರೆ ಒಂದು ಮಗುವೂ ಬಾಯಿ ಬಿಡಲಿಲ್ಲವಂತೆ! ಕೊನೆಗೆ ಮುಂದಿನ ಸಾಲಿನ ಒಂದು ಪುಟಾಣಿ ಎದ್ದು, "ಮೊದ್ಲು ನೀವ್ಯಾರು ಅಂತ ನಮ್ಮನೇರಿಗೆ ಗೊತ್ತಾ ಮಿಸ್?" ಅಂದಿತಂತೆ. ಹೆಡ್‌ಮೇಷ್ಟ್ರು ಖುದ್ದು ಅತ್ತೆಯ ಜಗುಲಿಗೆ ಬಂದು ಕೈಮುಗಿದು, ಸ್ಕೂಲಿನೊಳಗೆ ಹೆಸರು ಹೇಳಬಹುದು ಅಂತ ಅಪ್ಪಣೆ ಕೊಡಿಸಿಕೊಂಡು ಹೋದರು.

ಬಸ್ಸಿನಲ್ಲಂತೂ ಅವಳ ಜೊತೆ ಕೂರುವುದೇ ಫಜೀತಿ. ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಆಧಾರ್ ತೋರಿಸಿದರೆ ಆಯಿತು. ಕಂಡಕ್ಟರು, "ಆಧಾರ್ ತೋರ್ಸಮ್ಮ" ಅಂದ.

"ನಿಂದ್ ತೋರ್ಸಪ್ಪ ಮೊದ್ಲು."

"ನಾನು ಕಂಡಕ್ಟ್ರು ಕಣಮ್ಮ! ಬಟ್ಟೆ ಕಾಣಕಿಲ್ವಾ?"

"ಬಟ್ಟೆ ಯಾರ್ ಬೇಕಾದ್ರೂ ಹೊಲಿಸ್ಕಬೋದು."

ಇಡೀ ಬಸ್ಸು ನಕ್ಕಿತು. ನಾನು ಕಿಟಕಿಯ ಕಡೆ ತಿರುಗಿ, ಈ ಹೆಂಗಸು ಯಾರೋ ನನಗೆ ಗೊತ್ತೇ ಇಲ್ಲ ಅನ್ನುವ ಮುಖ ಮಾಡಿಕೊಂಡೆ. ಕೊನೆಗೆ ನಂಬರಿನ ಮೇಲೆ ಹೆಬ್ಬೆಟ್ಟು ಮುಚ್ಚಿ, ಬರೀ ಫೋಟೋ ತೋರಿಸಿ ಟಿಕೆಟ್ ಪಡೆದಳು!

ನಗುವುದು ಸುಲಭ. ಆದರೆ ಕತ್ತಲಾಗುವ ಹೊತ್ತಿಗೆ ಮಕ್ಕಳೆಲ್ಲ ಅವರವರ ಫೋನು ಎತ್ತಿಕೊಂಡು ಮನೆಗೆ ಹೋಗಿಬಿಡುತ್ತಿದ್ದವು. ಆಮೇಲೆ ಆ ಜಗುಲಿಯನ್ನು ನೋಡಲಾಗುತ್ತಿರಲಿಲ್ಲ. ಅತ್ತೆ ಗೋಣಿಚೀಲ ಮಡಿಸುತ್ತಲೇ ಇರಲಿಲ್ಲ. "ನಾಳೆ ಎಂಗೂ ಬತ್ತವಲ್ಲ" ಅಂತ ಅದರ ಪಕ್ಕದಲ್ಲೇ ಕೂತಿರುತ್ತಿದ್ದಳು. ನಾನೂ ಹೆಚ್ಚು ಹೊತ್ತು ಇರುತ್ತಿರಲಿಲ್ಲ. ಅಂಗಡಿ ಇತ್ತಲ್ಲ.

ಬಿಳಿಕೆರೆಯ ನನ್ನ ಮನೆಯೂ ಗಲಾಟೆಯ ಮನೆಯೇನಲ್ಲ. ನಾನು, ನನ್ನ ಮಗಳು, ಇಬ್ಬರೇ. ಅವಳಮ್ಮ ತೀರಿಕೊಂಡ ಮೇಲೆ ಮಾತು ಕಡಿಮೆಯಾಯಿತು. ಒಂಬತ್ತನೇ ಕ್ಲಾಸಿನ ಹುಡುಗಿ. ಭಾನುವಾರ ಬಂತೆಂದರೆ ಬಸ್ಸು ಹತ್ತಿ ಅತ್ತೆಯ ಮನೆಗೆ ಹೋಗಿ, ಚಿಕ್ಕಮಕ್ಕಳಿಗೆ ಪಾಠ ಮಾಡುವುದರಲ್ಲಿ ಅಜ್ಜಿಗೆ ಕೈಜೋಡಿಸುತ್ತಿದ್ದಳು. ಹೋದ ಮಾಗಿಯಲ್ಲಿ ಇದ್ದಕ್ಕಿದ್ದಂತೆ ಹೋಗುವುದು ಬಿಟ್ಟಳು. ತಟ್ಟೆಯ ಮುಂದೆ ಕೂತರೆ ಅನ್ನ ಕಲಸುವುದು, ಎದ್ದು ಹೋಗುವುದು. ಫೋನು ಸದ್ದು ಮಾಡಿದರೆ ಬೆಚ್ಚುವುದು. "ಯಾಕವ್ವಾ?" ಅಂದರೆ "ಏನಿಲ್ಲಪ್ಪ." ಮೋಟಾರಾದರೆ ಸದ್ದು ಕೇಳಿ ರೋಗ ಹೇಳುತ್ತೇನೆ. ಸದ್ದೇ ಇಲ್ಲದ ಮನೆಯಲ್ಲಿ ಏನನ್ನು ಹೇಳಲಿ?

ಎರಡು ಭಾನುವಾರ ಹುಡುಗಿ ಬಾರದಿದ್ದುದಕ್ಕೆ ಅತ್ತೆಯೇ ಬಂದಿಳಿದಳು. ನಾನು ಅಂಗಡಿಯಲ್ಲಿದ್ದೆ. ಮಧ್ಯಾಹ್ನದ ಹೊತ್ತಿಗೆ ಅತ್ತೆ, ಅವಳ ಹಿಂದೆ ಅತ್ತು ಮುಖ ಊದಿಸಿಕೊಂಡ ನನ್ನ ಮಗಳು, ಇಬ್ಬರೂ ಅಂಗಡಿಯೊಳಗೆ ಬಂದರು.

"ಬಾಗ್ಲಾಕು. ಕೂತ್ಕೊ. ನಾನು ಹೇಳಿ ಮುಗ್ಸೋಗಂಟ ಬಾಯ್ ತೆಗೀಬ್ಯಾಡ."

ಹೇಳಿದಳು. ಯಾರೋ ಒಬ್ಬ, ತಾನೂ ಒಂಬತ್ತನೇ ಕ್ಲಾಸಿನ ಹುಡುಗಿ ಅಂತ ಹೇಳಿಕೊಂಡು ಫೋನಿನಲ್ಲಿ ನನ್ನ ಮಗಳ ಸ್ನೇಹ ಮಾಡಿದ್ದಾನೆ. "ನನಗೂ ಅಮ್ಮ ಇಲ್ಲ" ಅಂದನಂತೆ. ಸ್ಕೂಲ್ ಡೇ ದಿನದ ಫೋಟೋ ಕೇಳಿದ. ಇವಳು ಕಳಿಸಿದಳು. ಆ ಮುಖವನ್ನು ಮತ್ಯಾವುದೋ ಹೊಲಸು ಚಿತ್ರಕ್ಕೆ ಅಂಟಿಸಿ, ಇನ್ನೂ ಫೋಟೋ ಕಳಿಸು, ಇಲ್ಲದಿದ್ದರೆ ಊರಿಗೆಲ್ಲ ಹಂಚುತ್ತೇನೆ ಅಂತ ಹೆದರಿಸುತ್ತಿದ್ದಾನೆ.

ನನ್ನ ಕೈ ತಾನಾಗಿಯೇ ಸುತ್ತಿಗೆಗೆ ಹೋಯಿತು. "ಕೊಡಿಲ್ಲಿ ಆ ಫೋನ್ನ!"

"ಒಡೀತೀಯಾ? ಒಡಿ. ಅವ್ನಿಗೇನ್ ಪೆಟ್ಟು ಬೀಳಕಿಲ್ಲ. ಅವ್ನು ಮಾಡಿದ್ದಕ್ಕೆ ಸಾಕ್ಷಿ ಇರೋದೇ ಅದ್ರಲ್ಲಿ. ಇನ್ನೊಂದ್ಸಲ ಏನಾರ ಆದ್ರೆ ಇವ್ಳು ನಿನ್ಗೂ ಹೇಳಕಿಲ್ಲ, ನನ್ಗೂ ಹೇಳಕಿಲ್ಲ. ಇಡು ಕೆಳೀಕೆ."

ಇಟ್ಟೆ. ಮಗಳು ನನ್ನ ಮುಖವನ್ನಲ್ಲ, ನನ್ನ ಕೈಯನ್ನೇ ನೋಡುತ್ತಿದ್ದಳು. "ನಿಂದೇನೂ ತಪ್ಪಿಲ್ಲ ಕಣವ್ವಾ" ಅಂದೆ. ಸುತ್ತಿಗೆಯನ್ನು ಬೆಂಚಿನ ಕೆಳಗೆ ತಳ್ಳಿದೆ.

ಆ ಹೊತ್ತಿಗೇ ಮೈಸೂರಿನ ಸೈಬರ್ ಠಾಣೆಗೆ ಹೋದೆವು. ಅಲ್ಲಿ ಪೊಲೀಸಿನ ಒಬ್ಬ ಹೆಣ್ಣುಮಗಳು ಎಲ್ಲವನ್ನೂ ತಾಳ್ಮೆಯಿಂದ ಕೇಳಿದಳು. "ಮೆಸೇಜ್ ಅಳಿಸದೆ ತಂದಿದ್ದು ಒಳ್ಳೇದಾಯ್ತು. ಇನ್ನು ಅವನಿಗೆ ಉತ್ತರ ಕೊಡಬೇಡಮ್ಮ. ಉಳಿದಿದ್ದು ನಮ್ಮ ಕೆಲಸ" ಅಂದಳು. ಆಮೇಲೆ ಅತ್ತೆಯ ಕಡೆ ತಿರುಗಿ, "ನಿಮ್ಮ ಹೆಸರೇನಮ್ಮಾ?" ಅಂತ ಕೇಳಿದಳು. ಅತ್ತೆ ನನ್ನ ಕಿವಿಯ ಹತ್ತಿರ ಬಗ್ಗಿ, "ಇವ್ರಿಗೆ ಹೇಳ್ಬೋದೇನ್ಲಾ?" ಅಂದಳು. ಎಷ್ಟೋ ದಿನಗಳ ಮೇಲೆ ನನ್ನ ಮಗಳು ಕಿಸಕ್ಕನೆ ನಕ್ಕಳು, ಪೊಲೀಸಿನವರ ಎದುರೇ!

ಸಂಜೆ ಬಿಳಿಕೆರೆಯಲ್ಲಿ ಇಳಿದು, ಅತ್ತೆಯನ್ನು ಹುಣಸೂರಿನ ಬಸ್ಸಿಗೆ ಹತ್ತಿಸೋಣ ಅಂತ ನಿಂತೆವು. ಮಗಳು ಬೇಕರಿಯಿಂದ ಅಜ್ಜಿಗೆ ಬನ್ನು ತರಲು ಹೋದಳು. ಆಗ ತಡೆಯಲಾರದೆ ಕೇಳಿಯೇಬಿಟ್ಟೆ. "ಅತ್ತೆ, ಒಂದೇ ಸೂರಿನಡಿ ಇರೋ ನನ್ಗೆ ಹೇಳ್ದೆ ನಿನ್ಗೆಂಗೆ ಹೇಳಿದ್ಲು?"

ಅತ್ತೆ ಸೆರಗು ಸರಿಮಾಡಿಕೊಂಡಳು. "ನಾನೇನೂ ಕೇಳ್ನಿಲ್ಲ ಕಣ್ಲಾ. ಮೊದ್ಲು ನಂದು ಹೇಳ್ದೆ."

"ನಿಂದೇನು?"

"ಫೋನ್ ತಕ್ಕಂಡ ಹೊಸದ್ರಲ್ಲಿ ಒಬ್ಬ ಮಾಡಿದ್ದ. ನಂಬರ್ ತಪ್ಪೋಯ್ತಕ್ಕಾ ಅಂದ. ನಾಳಿಕ್ಕೆ ಮತ್ತೆ ಮಾಡ್ದ. ಆಮೇಲೆ ದಿನಾ. ಮಂಡಿ ನೋವು ಎಂಗೈತಕ್ಕಾ, ಬೆಳಿಗ್ಗೆ ಏನ್ ತಿಂದ್ಯಕ್ಕಾ ಅಂತ ಕೇಳೋನು. ನಿಮ್ಮಪ್ಪ ಹೋದ್ಮೇಲೆ ನನ್ನ ಅಕ್ಕಾ ಅನ್ನೋರು ಯಾರ್ಲಾ ಇದ್ರು? ಒಂದಿನ, ಬ್ಯಾಂಕಿಂದ ಒಂದ್ ನಂಬರ್ ಬತ್ತದೆ, ಹೇಳಕ್ಕಾ ಅಂದ. ಹೇಳ್ದೆ. ಇದ್ದಿದ್ದೆಲ್ಲ ಹೋಯ್ತು."

ನಾನು ಏನೋ ಹೇಳಲು ಹೋದೆ. ಅವಳು ಕೈ ಅಡ್ಡ ಮಾಡಿದಳು.

"ಅದು ಹೋಗ್ಲಿ ಬುಡು. ಮಾರನೇ ದಿನಾನೂ ಆ ಹೊತ್ಗೆ ಫೋನ್ ಮುಂದೆ ಇಟ್ಕಂಡು ಕೂತಿದ್ದೆ ಕಣ್ಲಾ. ಕಳ್ಳ ಅಂತ ಗೊತ್ತಾದ್ಮೇಲೂವೆ. ಮಾಡ್ತಾನೇನೋ ಅಂತ."

ರಸ್ತೆಯಲ್ಲಿ ಲಾರಿಗಳು ಹೋಗುತ್ತಿದ್ದವು. ಮಗಳು ಬನ್ನು ತಂದು ಅಜ್ಜಿಯ ಕೈಗಿತ್ತಳು. ಬಸ್ಸು ಬಂತು. ಅತ್ತೆ ಕಂಬಿ ಹಿಡಿದು ಹತ್ತಿದಳು. ನಾನು ಮಗಳ ಬೆನ್ನಿಗೆ ಕೈ ಕೊಟ್ಟು ಹತ್ತಿಸಿ, ನಾನೂ ಹತ್ತಿದೆ.

"ಎಲ್ಲಿಗ್ಲಾ?"

"ನಿಮ್ಮನೆಗೆ."

"ಅಂಗಡಿ?"

"ಬೀಗ ಹಾಕೇ ಐತೆ."

ಮಗಳನ್ನು ನಡುವೆ ಕೂರಿಸಿಕೊಂಡು ಕೂತೆವು. ಹುಣಸೂರು ಮುಟ್ಟುವವರೆಗೆ ಅತ್ತೆ ಯಾರಿಗೂ ಯಾವ ಗ್ರೇಡೂ ಕೊಡಲಿಲ್ಲ. ಬಸ್ಸು ಬದಲಾಯಿಸಲು ಇಳಿದಾಗ, ತಳ್ಳುಗಾಡಿಯ ಮೇಲೆ ಅವರೆಕಾಯಿ ರಾಶಿ ಹಾಕಿದ್ದರು. ಅತ್ತೆ ಅದರ ಮುಂದೆ ನಿಂತು ಒಂದು ಬೊಗಸೆ ಎತ್ತಿದಳು, ಅರ್ಧ ಕೆಳಗೆ ಹಾಕಿದಳು, ಮತ್ತೆ ಎತ್ತಿದಳು.

"ನೀನೇ ಹೇಳ್ಲಾ," ಅಂದಳು. "ಮೂರು ಜನದ ಸಾರಿಗೆ ಎಷ್ಟಾಕ್ಬೇಕು ಅಂತ ನನ್ಗೆ ಮರ್ತೇ ಹೋಗೈತೆ."