ಮಾದಮ್ಮ ತೂಗಿದ ಸಬ್ಬಕ್ಕಿ

ಸತ್ತುಹೋದ ರಾಜರ ಬಗ್ಗೆ ನಾನು ಎಷ್ಟು ಬೇಕಾದರೂ ಧೈರ್ಯವಾಗಿ ಮಾತಾಡಬಲ್ಲೆ. ಸೇಲಂನ ಹೈಸ್ಕೂಲಿನಲ್ಲಿ ಚರಿತ್ರೆ ಹೇಳುವ ನನಗೆ ದಿನಕ್ಕೊಬ್ಬ ಸುಲ್ತಾನನನ್ನು ಬೈಯುವುದು ಅಭ್ಯಾಸ. ಅವನೇನು ತಿರುಗಿ ಬೈಯುತ್ತಾನೆಯೇ? ಬದುಕಿರುವವರ ಚರಿತ್ರೆ ಬರೆಯಬೇಕಾಗಿ ಬಂದಾಗಲೇ ನನ್ನ ಪೌರುಷ ಎಷ್ಟೆಂದು ಗೊತ್ತಾದದ್ದು.

ಭಾಷಾವಾರು ರಾಜ್ಯಗಳು ಆಗಿನ್ನೂ ಹೊಸತು. ಕನ್ನಡದವರಾದ ನಾವು ಮದರಾಸು ರಾಜ್ಯದಲ್ಲೇ ಉಳಿದಿದ್ದೆವು. ರಾಜ್ಯವನ್ನು ಬೆಳೆಸಿದ ಕೈಗಾರಿಕೆಗಳ ಬಗ್ಗೆ ಊರಿನಲ್ಲೊಂದು ಪ್ರದರ್ಶನ ಏರ್ಪಾಡಾಗಿ, ಸಬ್ಬಕ್ಕಿಯ ಚರಿತ್ರೆ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ಸಬ್ಬಕ್ಕಿ ಮಿಲ್ಲಿನ ಯಜಮಾನರು ಚಿನ್ನಪ್ಪನವರು. ನಾನು ಬಾಡಿಗೆಗಿದ್ದ ಮನೆಯೂ ಅವರದೇ.

"ಯುದ್ಧದ ಟೈಮಲ್ಲಿ ಕಡಲಾಚೆಯಿಂದ ಸಬ್ಬಕ್ಕಿ ಬರೋದು ನಿಂತೋಯ್ತಲ್ಲ ಸಾರ್, ಆಗ ನಮ್ಮ ಹಿತ್ತಲಲ್ಲಿ ಶುರು ಮಾಡಿದ್ದು. ಆಗ ಕೆಲಸಕ್ಕಿದ್ದ ಮಾದಮ್ಮ ನಲ್ಲಂಪಳ್ಳಿ ಹತ್ರ ಅವ್ಳೆ. ಅವಳನ್ನೂ ಕೇಳ್ಕೊಂಡು ಬನ್ನಿ" ಎಂದರು.

ಓಮಲೂರಿನ ಮೇಲೆ ಬಸ್ಸಿನಲ್ಲಿ ಹೋದೆ. ಮಾದಮ್ಮ ಜಗಲಿಯ ಮೇಲೆ ಕಡಲೆಕಾಯಿ ಬಿಡಿಸುತ್ತಿದ್ದಳು.

"ಯಜಮಾನ ಮರಗೆಣಸಿನ ಹಿಟ್ಟನ್ನ ಮೂರ್ ದಿನ ಮೊರದಾಗೆ ಆಡಿಸ್ದ ಸಾಮಿ. ಕಾಳಾಗ್ಲಿಲ್ಲ, ಮೂಗೆಲ್ಲ ಬೆಳ್ಳಗಾತು ಅಷ್ಟೇ. ನಾನು ಮಗೀನ ಸೀರೆ ತೊಟ್ಲಿಂದ ಎತ್ತಿ ಕೆಳಗಿಟ್ಟು, ಆ ತೊಟ್ಲಾಗೇ ಒದ್ದೆ ಹಿಟ್ಟು ಆಕಿ ತೂಗ್ದೆ. ಮುತ್ತು ಮುತ್ತಾಗೋಯ್ತು! ಮಗ ಅತ್ತ, ಯಜಮಾನ ನಕ್ಕ." ಆಮೇಲೆ ಕೈ ನಿಲ್ಲಿಸಿ ಕೇಳಿದಳು: "ಇದನ್ನ ಬರೀತೀರಾ?"

"ಬರೀದೆ ಬಿಡ್ತೀನೇನಮ್ಮಾ?" ಎಂದು ಎದೆಯುಬ್ಬಿಸಿ ಬಂದೆ.

ಉಬ್ಬಿದ ಎದೆ ಮನೆಯ ಬಾಗಿಲು ದಾಟುವವರೆಗೂ ಹಾಗೆಯೇ ಇತ್ತು. ನನ್ನ ಹೆಂಡತಿ ಶಾರದೆ ಎಲ್ಲವನ್ನೂ ಕೇಳಿ, "ಬರೀರಿ. ಮೊದಲು ದಿನಾ ಕೊಳಾಯಲ್ಲಿ ನೀರು ಬರೋ ಇನ್ನೊಂದು ಮನೆ ಹುಡುಕಿ, ಆಮೇಲೆ ಬರೀರಿ" ಎಂದಳು. ಸತ್ಯದ ಬಗ್ಗೆ ಅವಳು ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ. ಮಾದಮ್ಮನ ಹೆಸರನ್ನು ಹೊಡೆದುಹಾಕಿ, ಆ ಜಾಗದಲ್ಲಿ 'ಯಜಮಾನರ ದೀರ್ಘ ಸಂಶೋಧನೆಯ ಫಲವಾಗಿ' ಎಂದು ಬರೆದೆ.

ಪ್ರದರ್ಶನದ ದಿನ ವೇದಿಕೆ ಹತ್ತಿ ನೋಡುತ್ತೇನೆ, ಮೊದಲ ಸಾಲಿನಲ್ಲಿ ಚಿನ್ನಪ್ಪನವರ ಪಕ್ಕದಲ್ಲೇ ಹೊಸ ಸೀರೆಯುಟ್ಟು ಮಾದಮ್ಮ ಕೂತಿದ್ದಾಳೆ! ಅವರೇ ಕಾರು ಕಳಿಸಿ ಕರೆಸಿದ್ದರಂತೆ. ಬೇರೆ ದಾರಿಯಿಲ್ಲದೆ ಬರೆದದ್ದನ್ನೇ ತಮಿಳಿನಲ್ಲಿ ಓದತೊಡಗಿದೆ. 'ದೀರ್ಘ ಸಂಶೋಧನೆ' ಬಂದದ್ದೇ ತಡ, ಚಿನ್ನಪ್ಪನವರು ಎದ್ದುನಿಂತು ಕನ್ನಡದಲ್ಲೇ ಕೂಗಿದರು:

"ನಿಲ್ಸಿ ಸಾರ್! ಯಾರ ಸಂಶೋಧನೆ? ಬರೆಯೋಕೆ ಬಂದೋರೆಲ್ಲ ನನ್ನ ಹೆಸರೇ ಬರೀತಾರೆ. ನಾನು ಅಲ್ಲ ಅಂದ್ರೆ ದೊಡ್ಡ ಮನುಷ್ಯ, ಸಂಕೋಚ ಅಂತಾರೆ. ಅದಕ್ಕೇ ಚರಿತ್ರೆ ಮೇಷ್ಟ್ರನ್ನೇ ಅವಳತ್ರ ಕಳಿಸ್ದೆ. ಮಾದಮ್ಮಾ, ನೀನು ಹೇಳ್ಲಿಲ್ವಾ?"

ಸಭೆಯೆಲ್ಲ ನನ್ನನ್ನೇ ನೋಡಿತು. ಮಾದಮ್ಮನೂ ನೋಡಿದಳು. ನನ್ನ ಮುಖ ನೋಡಿ ಅವಳಿಗೇನನ್ನಿಸಿತೋ, "ಒಂದೂ ಬಿಡ್ದಂಗೆ ಯೋಳ್ದೆ ಯಜಮಾನ್ರೆ. ಮೇಷ್ಟ್ರಿಗೆ ಕಿವಿ ಮಂದ, ಪಾಪ" ಎಂದಳು.

ನಾನು ತಕ್ಷಣ ಕಿವಿಯ ಹಿಂದೆ ಕೈಯಿಟ್ಟು, "ಆಂ?" ಎಂದೆ. ಅಲ್ಲೇ ಪೆನ್ನು ತೆಗೆದು ಅವಳ ಹೆಸರು ಬರೆದು ಮತ್ತೆ ಓದಿದೆ. ಚಪ್ಪಾಳೆ ಬಹಳ ಹೊತ್ತು ಕೇಳಿಸಿತು, ಕೇಳಿಸದವನಂತೆ ನಿಂತಿದ್ದೆ.

ಅಂದಿನಿಂದ ಚಿನ್ನಪ್ಪನವರು ನನ್ನ ಹತ್ತಿರ ಬೀದಿಗೆಲ್ಲ ಕೇಳುವಂತೆ ಕೂಗಿ ಮಾತಾಡುತ್ತಾರೆ. ಪುಕ್ಕಲನೆಂದು ಗೊತ್ತಾಗುವುದಕ್ಕಿಂತ ಕಿವುಡನೆನ್ನಿಸಿಕೊಳ್ಳುವುದು ಎಷ್ಟೋ ಮೇಲು ಎಂದುಕೊಂಡು, ನಾನೂ ಎರಡೆರಡು ಸಲ ಹೇಳಿಸಿಕೊಳ್ಳುತ್ತೇನೆ.