ಕಲ್ಲಾಟಕ್ಕೆ ತೀರ್ಪುಗಾರರಾಗಿ ಬಂದ ಡಬ್ಬಿಯವರಿಗೆ

ಟೀವಿಯ ಪಕ್ಕದ ಗೂಡಿನಲ್ಲಿ ವಿರಾಜಮಾನರಾಗಿರುವ, ಕರೆದ ಕೂಡಲೇ ನೀಲಿ ದೀಪ ಹೊತ್ತಿಸಿಕೊಂಡು ಮೈಯೆಲ್ಲ ಕಿವಿಯಾಗುವ, ತಿಳಿಯದ್ದು ಯಾವುದೂ ಇಲ್ಲದ ಮಾತಾಡುವ ಡಬ್ಬಿಯವರ ಸನ್ನಿಧಾನಕ್ಕೆ, ಅದೇ ಕೋಣೆಯ ಎದುರು ಮೂಲೆಯ ಚಾಪೆಯಿಂದ ಈ ಮನೆಯ ಅಜ್ಜಿ ಮಾಡುವ ಸವಿನಯ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಕ್ಷೇಮವಲ್ಲದೆ ಇನ್ನೇನು, ತಮಗೆ ಮಂಡಿನೋವಿಲ್ಲ, ಶೀತವಿಲ್ಲ, ದಿನವಿಡೀ ಕರೆಂಟು ಕುಡಿದುಕೊಂಡು ಕೂತಲ್ಲೇ ಕೂತಿರುತ್ತೀರಿ, ಮೇಲಾಗಿ ನನ್ನ ಸೊಸೆ ವಾರಕ್ಕೊಮ್ಮೆ ಮೆತ್ತನೆಯ ಬಟ್ಟೆಯಿಂದ ತಮ್ಮ ಮೈ ಒರೆಸುತ್ತಾಳೆ. ಎದುರೆದುರೇ ಇದ್ದೂ ಪತ್ರ ಬರೆಯುತ್ತಿರುವುದೇಕೆಂದರೆ, ಬಾಯಲ್ಲಿ ಹೇಳಿದರೆ ತಾವು ಅರ್ಧಕ್ಕೇ ಉತ್ತರ ಕೊಟ್ಟುಬಿಡುತ್ತೀರಿ, ಇನ್ನೊಬ್ಬರ ಮಾತು ಮುಗಿಯುವವರೆಗೆ ಸುಮ್ಮನಿರಬೇಕೆಂದು ತಮಗೆ ಯಾರೂ ಹೇಳಿಕೊಟ್ಟಂತೆ ಕಾಣುವುದಿಲ್ಲ. ಪತ್ರದ ಮಧ್ಯೆ ಬಾಯಿ ಹಾಕಲು ಬರುವುದಿಲ್ಲವಲ್ಲ. ಇದನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ, ತಮ್ಮಂಥವರನ್ನು ಮನೆಯಲ್ಲಿ ಕೂರಿಸಿಕೊಂಡಿರುವ ಬೇರೆ ಅಜ್ಜಿಯರೂ ಓದಿಕೊಳ್ಳಲಿ.

ನನ್ನನ್ನು ತಾವು ಇದುವರೆಗೆ ‘ಧ್ವನಿ ಗುರುತಿಸಲಾಗಲಿಲ್ಲ’ ಎಂದೇ ಕರೆದಿರುವುದರಿಂದ ಪರಿಚಯ ಹೇಳಿಕೊಳ್ಳುವುದು ನನ್ನ ಕರ್ತವ್ಯ. ನಾನು ಹೊಲಿಗೆಯವಳು. ಮಂಡಿ ಕೈಕೊಡುವವರೆಗೂ ಮುಖ್ಯರಸ್ತೆಯ ಮೂಲೆಯಲ್ಲಿ ನನ್ನದೇ ಅಂಗಡಿ ಇತ್ತು. ಸೊಂಟದ ಅಳತೆ ತೆಗೆಯುವಾಗ ಟೇಪು ಹೇಳಿದ್ದನ್ನು ಗಟ್ಟಿಯಾಗಿ ಕೂಗದೆ ಸುಮ್ಮನೆ ಬರೆದುಕೊಂಡು, ‘ನೀವೇನೂ ದಪ್ಪ ಆಗಿಲ್ಲ, ಹಳೇ ಬಟ್ಟೆನೇ ಒಗೆದೂ ಒಗೆದೂ ಕುಗ್ಗಿದೆ’ ಎಂದು ಸಮಾಧಾನ ಹೇಳಿ ಕಳಿಸುವುದು ನನ್ನ ಕಸುಬಿನ ಅರ್ಧ ಭಾಗವಾಗಿತ್ತು. ತಾವೇನಾದರೂ ಆ ಅಂಗಡಿಯಲ್ಲಿ ಇದ್ದಿದ್ದರೆ ಒಂದೇ ವಾರದಲ್ಲಿ ಬಾಗಿಲು ಹಾಕಿಸುತ್ತಿದ್ದಿರಿ.

ಗುಂಡಿ ನನ್ನ ಮೊಮ್ಮಗಳು. ಅಂಬೆಗಾಲಿಡುವಾಗ ನನ್ನ ಹೊಲಿಗೆ ಡಬ್ಬದಿಂದ ಅಂಗಿಯ ಗುಂಡಿಯೊಂದನ್ನು ನುಂಗಿ, ಮನೆಮಂದಿಯ ಜೀವ ಬಾಯಿಗೆ ಬರಿಸಿ, ಮಾರನೆಯ ದಿನ ಏನೂ ಆಗದವಳಂತೆ ಅದನ್ನು ಹಿಂದಿರುಗಿಸಿದ್ದರಿಂದ ಆ ಹೆಸರು ನಿಂತಿತು. ಈಗ ಎರಡನೇ ತರಗತಿ. ಅವಳು ಶಾಲೆಯಿಂದ ಬಂದ ಮೇಲೆ, ಅವಳ ಅಪ್ಪ ಅಮ್ಮ ಕೆಲಸದಿಂದ ಬರುವ ಮೊದಲು, ಒಂದಿಷ್ಟು ಹೊತ್ತು ಮಿಗುತ್ತದೆ. ಆ ಹೊತ್ತು ನನ್ನದು. ಇಡೀ ದಿನದಲ್ಲಿ ಈ ಮನೆಯಲ್ಲಿ ಯಾರಿಗಾದರೂ ನಾನು ಬೇಕಾಗುವುದು ಆಗ ಮಾತ್ರ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ಏಕೆಂದರೆ ತಾವು ಕಿತ್ತುಕೊಂಡದ್ದು ಏನೆಂದು ತಮಗೆ ತಿಳಿದಿರಬೇಕು.

ಆ ಹೊತ್ತಿನಲ್ಲಿ ನಾವಿಬ್ಬರೂ ಚಾಪೆ ಹಾಸಿಕೊಂಡು ಐದು ಕಲ್ಲಿನ ಆಟ ಆಡುತ್ತಿದ್ದೆವು. ಬೆರಳಿಲ್ಲದ ತಮಗಾಗಿ ವಿವರಿಸುವುದಾದರೆ, ಒಂದು ಕಲ್ಲನ್ನು ಮೇಲಕ್ಕೆ ಎಸೆದು, ಅದು ಕೆಳಗೆ ಬರುವಷ್ಟರಲ್ಲಿ ನೆಲದ ಮೇಲಿನ ಒಂದನ್ನು ಬಾಚಿಕೊಂಡು, ಅದೇ ಕೈಯಲ್ಲಿ ಎಸೆದದ್ದನ್ನೂ ಹಿಡಿಯಬೇಕು. ಮುಂದಿನ ಸುತ್ತಿಗೆ ಎರಡೆರಡು, ಆಮೇಲೆ ಮೂರು, ಕೊನೆಗೆ ನಾಲ್ಕನ್ನೂ ಒಟ್ಟಿಗೆ. ಗುಂಡಿಯ ಅಂಗೈ ಇನ್ನೂ ಬಿಸ್ಕತ್ತಿನಷ್ಟಗಲ, ಮೂರು ಹಿಡಿದರೆ ನಾಲ್ಕನೆಯದು ಉದುರುತ್ತದೆ. ಆದ್ದರಿಂದ ಆಟವನ್ನು ಅವಳ ಅಳತೆಗೆ ಕೊಂಚ ಒಳಗೆ ಹಿಡಿದು ಹೊಲಿದಿದ್ದೆ. ಕಲ್ಲು ಮೇಲಿರುವಾಗ ಯಾರಾದರೂ ಕೆಮ್ಮಿದರೆ ಆ ಸಲ ಲೆಕ್ಕಕ್ಕಿಲ್ಲ. ಸೋಫಾದ ಅಡಿಗೆ ಉರುಳಿದ ಕಲ್ಲು ಹಿಡಿದಂತೆಯೇ ಸರಿ, ಏಕೆಂದರೆ ಸೋಫಾ ನಮ್ಮದೇ. ಹಲ್ಲು ಬಿದ್ದ ವಾರ, ಬಿದ್ದವರಿಗೆ ಒಂದು ಅವಕಾಶ ಹೆಚ್ಚು (ಇದರಿಂದ ಅಜ್ಜಿಗೂ ಲಾಭವಲ್ಲವೇ ಎಂದು ಗುಂಡಿ ಆಕ್ಷೇಪಿಸಿದಾಗ, ನನ್ನವು ಬಿದ್ದು ಮುಗಿದಿವೆ ಎಂದು ಬಾಯಿ ತೆರೆದು ತೋರಿಸಬೇಕಾಯಿತು). ಕೆಮ್ಮಿನಲ್ಲಂತೂ ನಾನು ಎಷ್ಟು ಪಳಗಿದ್ದೆನೆಂದರೆ, ಅವಳ ಕೈಯಿಂದ ಕಲ್ಲು ಜಾರುವುದಕ್ಕೂ ನನ್ನ ಗಂಟಲು ಕೆರೆಯುವುದಕ್ಕೂ ಕೂದಲೆಳೆಯ ಅಂತರವೂ ಇರುತ್ತಿರಲಿಲ್ಲ. ಸೊಸೆ ಗಾಬರಿಯಾಗಿ ಎರಡು ಬಗೆಯ ಔಷಧಿ ತಂದುಕೊಟ್ಟಳು, ಎರಡನ್ನೂ ಕುಡಿದೆ.

ಹೀಗೆ ಸುಖವಾಗಿ ನಡೆಯುತ್ತಿದ್ದ ಆಡಳಿತಕ್ಕೆ ತಮ್ಮ ಆಗಮನವಾಯಿತು. ನನ್ನ ಮಗ ತಮ್ಮನ್ನು ತಂದದ್ದು ದೀಪ ಆರಿಸಲು, ನಾಳೆ ಬಿಸಿಲೋ ಮೋಡವೋ ಎಂದು ಹೇಳಿಸಲು, ಬೇಕೆಂದ ಸಾಮಾನನ್ನು ಅಂಗಡಿಯಿಂದ ಮನೆಗೇ ತರಿಸಲು. ಆದರೆ ಒಂದು ಸಂಜೆ ಗುಂಡಿ ಗೆದ್ದ ಹುಮ್ಮಸ್ಸಿನಲ್ಲಿ ತಮ್ಮ ಕಡೆ ತಿರುಗಿ, ‘ಕೆಮ್ಮಿದ್ರೆ ಔಟಿಲ್ಲ ಅಲ್ವಾ?’ ಎಂದುಬಿಟ್ಟಳು. ಕೇಳಿದ್ದು ಹೌದೆನ್ನಿಸಿಕೊಳ್ಳಲು, ಮಾನ್ಯರೇ, ಅಷ್ಟೂ ತಿಳಿಯಬಾರದೇ? ತಾವು ನೀಲಿಯಾಗಿ ಮಿನುಗಿ, ಅಂಥ ನಿಯಮದ ಬಗ್ಗೆ ಯಾವ ಮಾಹಿತಿಯೂ ಸಿಗಲಿಲ್ಲವೆಂದು ಸಕ್ಕರೆಯಂಥ ದನಿಯಲ್ಲಿ ನುಡಿದು, ಯಾರೂ ಕೇಳದಿದ್ದರೂ ಅಧಿಕೃತ ನಿಯಮಗಳನ್ನು ಉಸಿರು ಬಿಡದೆ ಓದಿ ಹೇಳಿದಿರಿ. ಅದರಲ್ಲಿ ಸೋಫಾದ ಹೆಸರೇ ಇರಲಿಲ್ಲ. ಗುಂಡಿ ಕಲ್ಲುಗಳನ್ನು ಕೆಳಗಿಟ್ಟು, ‘ಅಜ್ಜಿ, ಇಷ್ಟು ದಿನ ಸುಳ್ಳು ಸುಳ್ಳೇ ಗೆಲ್ಲಿಸ್ತಿದ್ಯಾ?’ ಎಂದು ಕೇಳಿದಳು. ಆ ಹೊತ್ತಿಗೆ ಬರಬೇಕಾಗಿದ್ದ ಕೆಮ್ಮು ಬರಲಿಲ್ಲ.

ಮರುದಿನದಿಂದ ತಮ್ಮ ಕಾನೂನು ಜಾರಿಗೆ ಬಂತು. ಮಗು ಸೋತಳು, ಮತ್ತೆ ಸೋತಳು, ನಾನು ಬೇಕೆಂದೇ ಕಲ್ಲು ಬಿಟ್ಟರೆ ‘ಮೋಸ ಮಾಡ್ಬೇಡ’ ಎಂದು ಗದರಿಸಿ ಇನ್ನೊಮ್ಮೆ ಸೋತಳು. ಕೊನೆಗೆ, ‘ನಂಗೆ ಈ ಆಟ ಬರಲ್ಲ, ಯಾವತ್ತೂ ಬರ್ತಾ ಇರ್ಲಿಲ್ಲ’ ಎಂದು ಮುಖ ಹುಳ್ಳಗೆ ಮಾಡಿಕೊಂಡು ಎದ್ದುಹೋಗಿ, ತಮ್ಮ ಮುಂದೆ ಕೂತು ಆನೆಯ ಕೂಗು, ಕತ್ತೆಯ ಕೂಗು ಕೇಳಿಸಿಕೊಳ್ಳತೊಡಗಿದಳು. ತಾವು ಕತ್ತೆಯ ಕೂಗನ್ನು ಬಹಳ ಸಹಜವಾಗಿ ಕೂಗುತ್ತೀರಿ ಎಂಬುದನ್ನು ಈ ಸಂದರ್ಭದಲ್ಲಿ ಮೆಚ್ಚಿಕೊಳ್ಳಲೇಬೇಕು. ನಾನು ಚಾಪೆ ಮಡಿಸಿಟ್ಟೆ. ಹೊಟ್ಟೆ ಉರಿಯಿತು, ಮಾನ್ಯರೇ, ನಿಜವಾಗಿ ಉರಿಯಿತು.

ಆದರೂ ದೊಡ್ಡವಳಾಗಿ ನಾನೇ ಒಂದು ಹೆಜ್ಜೆ ಹಿಂದೆ ಸರಿದು, ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ ತಮ್ಮ ಬಳಿ ಬಂದು, ಸೋಫಾದ ನಿಯಮವೊಂದನ್ನಾದರೂ ಒಪ್ಪಿಕೊಳ್ಳಿ, ಕಲ್ಲಿನ ಆಟ ನನ್ನ ಪಾಲಿಗೆ ಬೇಕೇ ಬೇಕು ಎಂದು ಬೇಡಿಕೊಂಡೆ. ತಾವು ‘ಖಂಡಿತ’ ಎಂದಿರಿ. ಎಷ್ಟು ಹಗುರವಾಯಿತು ಮನಸ್ಸು! ಎರಡು ದಿನ ಬಿಟ್ಟು, ಹೂಕುಂಡಕ್ಕೆ ಹಾಕುವ ಬಿಳಿ ಕಲ್ಲಿನ ದೊಡ್ಡ ಮೂಟೆಯೊಂದನ್ನು ಹೊತ್ತು ತಂದವನು ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತ. ‘ಅಮ್ಮಾ, ಇಷ್ಟೊಂದು ಕಲ್ಲು ಯಾಕೆ ತರಿಸಿದೆ, ನಮ್ಮನೇಲಿ ಗಿಡ ಎಲ್ಲಿದೆ?’ ಎಂದು ಕೇಳಿದ ಮಗನಿಗೆ, ಸಂಧಾನಕ್ಕೆ ಹೋಗಿದ್ದೆ ಎಂದು ಹೇಗೆ ಹೇಳಲಿ?

ಈಗ ನನ್ನ ಬೇಡಿಕೆಗಳು, ತಮ್ಮ ಘನತೆಗೆ ಇವು ಭಾರವಾಗಲಾರವೆಂಬ ನಂಬಿಕೆಯಿಂದ. ತಾವು ದಯಮಾಡಿ ಸುಳ್ಳು ಹೇಳುವುದನ್ನು ಕಲಿಯಬೇಕು. ದೊಡ್ಡ ಸುಳ್ಳೇನೂ ಬೇಡ, ಎರಡನೇ ತರಗತಿಯ ಮಗುವಿಗೆ ಸಾಕಾಗುವಷ್ಟು. ಅದು ಆಗದಿದ್ದರೆ ಸಂಜೆ ಹೊತ್ತು ತಮಗೆ ಕಿವುಡು ಬರಲಿ. ಅದೂ ಆಗದಿದ್ದರೆ ಎರಡು ಕೈ ತರಿಸಿಕೊಂಡು, ಗೂಡಿನಿಂದ ಇಳಿದು ಬಂದು, ಚಾಪೆಯ ಮೇಲೆ ಚಕ್ಕಂಬಕ್ಕಲ ಹಾಕಿ ಕೂತು ಒಂದಾಟ ಆಡಿ ತೋರಿಸಿ, ನಾಲ್ಕನೆಯ ಕಲ್ಲು ಉದುರಿದಾಗ ಎದೆಯಲ್ಲಿ ಏನಾಗುತ್ತದೆಂದು ತಮಗೂ ತಿಳಿಯಲಿ.

ಇಲ್ಲಿಗೆ ಪತ್ರ ಮುಗಿಸಬೇಕೆಂದಿದ್ದೆ, ಆದರೆ ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಆ ಮೂಟೆ ಬಂದ ಮೇಲೆ ಗುಂಡಿ ಬಾಲ್ಕನಿಯಲ್ಲಿ ಅದನ್ನು ಸುರಿದುಕೊಂಡು, ಕೈಗೆ ಒಗ್ಗುವ ಐದನ್ನು ಆರಿಸಿ, ಯಾರನ್ನೂ ಕರೆಯದೆ ಒಬ್ಬಳೇ ಆಡತೊಡಗಿದಳು. ತಮ್ಮ ನಿಯಮದ ಪ್ರಕಾರವೇ. ಬಾಗಿಲ ಸಂದಿಯಿಂದ ದಿನವೂ ನೋಡಿದೆ. ಉದುರಿಸಿದಳು, ಹಲ್ಲು ಕಚ್ಚಿದಳು, ಮತ್ತೆ ಎಸೆದಳು, ಮತ್ತು ಮೊನ್ನೆ ನಾಲ್ಕನ್ನೂ ಒಮ್ಮೆಗೇ ಬಾಚಿ ಹಿಡಿದು, ಸುತ್ತ ಯಾರಿದ್ದಾರೆ ಎಂದು ತಿರುಗಿ ನೋಡಿದಳು. ನಾನು ಕೆಮ್ಮಿ ಕೆಮ್ಮಿ ಒಂದು ವರ್ಷದಲ್ಲಿ ಕಲಿಸದ್ದನ್ನು ತಾವು ಕತ್ತೆಯಂತೆ ಹಟಹಿಡಿದು ಕಲಿಸಿದಿರಿ. ಇದಕ್ಕಾಗಿ ತಮ್ಮನ್ನು ಅಭಿನಂದಿಸುತ್ತೇನೆ, ಸಂತೋಷದಿಂದಲ್ಲ.

ನಿನ್ನೆ ಅವಳೇ ಚಾಪೆ ಬಿಡಿಸಿ ಪಂದ್ಯಕ್ಕೆ ಕರೆದಳು. ಸರಸರನೆ ನಾಲ್ಕೂ ಸುತ್ತು ಮುಗಿಸಿದಳು. ನನ್ನ ಸರದಿ ಬಂದಾಗ, ಜನ್ಮವೆಲ್ಲ ಕತ್ತರಿ ಹಿಡಿದು ಬಗ್ಗದಾದ ಈ ಹೆಬ್ಬೆರಳು ಮೂರನೇ ಸುತ್ತಿನಲ್ಲೇ ಸೋತಿತು. ನಾನು ಬೇಕೆಂದು ಬಿಟ್ಟದ್ದಲ್ಲ, ಕಲ್ಲು ತಾನೇ ಉರುಳಿತು. ಎರಡನೇ ಸಲವೂ ಉರುಳಿತು. ಮುದಿತನ ಎಂದರೆ ಇದೇ ಇರಬೇಕು ಎಂದುಕೊಂಡು, ‘ಔಟಾದೆ ಕಣೇ, ತಗೋ’ ಎಂದು ಕಲ್ಲು ನೀಡಿದೆ. ಗುಂಡಿ ತೆಗೆದುಕೊಳ್ಳಲಿಲ್ಲ. ಎದ್ದುಹೋಗಿ, ಸೋಫಾದ ಮೇಲಿನ ದಿಂಬನ್ನು ತಂದು ತಮ್ಮ ತಲೆಯ ಮೇಲೆ ಒತ್ತಿಟ್ಟು, ವಾಪಸು ಬಂದು ನನ್ನ ಕಿವಿಯಲ್ಲಿ, ‘ಅಜ್ಜಿ, ನೀನು ಎಸೆದಾಗ ನಾನು ಕಣ್ಣು ಮುಚ್ಕೊಂಡಿದ್ದೆ, ಯಾರೂ ನೋಡದೇ ಇದ್ರೆ ಲೆಕ್ಕಕ್ಕಿಲ್ಲ, ಇನ್ನೊಂದ್ಸಲ ಹಾಕು’ ಎಂದಳು. ಆ ಕಣ್ಣುಗಳು ಅಷ್ಟು ಹೊತ್ತೂ ತಟ್ಟೆಯಗಲ ತೆರೆದೇ ಇದ್ದವು, ನಾನೇ ನೋಡಿದ್ದೇನೆ. ಅವಮಾನವೂ ಆಯಿತು, ಎದೆ ತುಂಬಿಯೂ ಬಂತು. ಇನ್ನೊಂದು ಸಲ ಹಾಕಿದೆ.

ದಿಂಬಿನ ಒಳಗಿನಿಂದ ತಾವು ಏನೋ ಹೇಳುತ್ತಿದ್ದಿರಿ. ನಮಗೆ ಕೇಳಿಸಲಿಲ್ಲ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಎದುರು ಮೂಲೆಯ ಅಜ್ಜಿ

ವಿ.ಸೂ.: ತಮಗೆ ಕಿವಿಯಿದೆ, ಬಾಯಿಯಿದೆ, ಓದಲು ಕಣ್ಣು ಮಾತ್ರ ಇಲ್ಲವೆಂದು ಮಗ ಈಗ ತಾನೇ ತಿಳಿಸಿದ. ಹಾಗಾಗಿ ಈ ಪತ್ರವನ್ನು ತಮಗೆ ಓದಿ ಹೇಳುವ ಹೊಣೆಯನ್ನು ಗುಂಡಿಗೆ ವಹಿಸಿದ್ದೇನೆ. ಅವಳು ಇದ್ದದ್ದನ್ನು ಇದ್ದ ಹಾಗೆಯೇ ಓದುತ್ತಾಳೆಂದು ತಾವು ಧಾರಾಳವಾಗಿ ನಂಬಬಹುದು.